ಬಲಗೆನ್ನೆಯ ಹೂವು

ನಮ್ಮೂರಿನ ಈಶ್ವರ ಬಹಳ ಒಳ್ಳೆಯವನು. ಯಾರು ಏನು ಕೇಳಿದರೂ ಬೇಡ ಅನ್ನುತ್ತಿರಲಿಲ್ಲ. ಕೊಳವೆಬಾವಿ ಕೊರೆಸಲೇ ಅಂದರೆ ಕೊರೆಸು ಅನ್ನುತ್ತಿದ್ದ, ಮಗಳನ್ನು ಆ ಮನೆಗೆ ಕೊಡಲೇ ಅಂದರೆ ಕೊಡು ಅನ್ನುತ್ತಿದ್ದ, ಎತ್ತು ಮಾರಿ ಟ್ರ್ಯಾಕ್ಟರ್ ತರಲೇ ಅಂದರೆ ತಾ ಅನ್ನುತ್ತಿದ್ದ. ಸುತ್ತಲಿನ ಹಳ್ಳಿಗಳ ದೇವರುಗಳು ಅಷ್ಟು ಸಲೀಸಾಗಿ ಒಪ್ಪುವವರಲ್ಲ. ಹೀಗಾಗಿ ಇಂದೂರಿನಿಂದ, ಚಿಗಳ್ಳಿಯಿಂದ, ಒಮ್ಮೊಮ್ಮೆ ಹಳಿಯಾಳದ ಕಡೆಯಿಂದಲೂ ಜನ ತಮ್ಮ ದೇವರನ್ನು ಬಿಟ್ಟು ನಮ್ಮ ದೇವರ ಹತ್ತಿರ ಬರುತ್ತಿದ್ದರು. ದೇವರು ಇಷ್ಟು ಒಳ್ಳೆಯವನಾಗಲು ಕಾರಣ ನಮ್ಮಪ್ಪ. ಅವನು ಆ ಗುಡಿಯ ಪೂಜಾರಿ.

ಹೂ ಕೇಳುವುದು ನಮ್ಮ ಕಡೆ ಹೊಸದೇನಲ್ಲ. ಮನಸ್ಸು ಹೊಯ್ದಾಡುತ್ತಿರುವವರು ಸೋಮವಾರ ಬೆಳಿಗ್ಗೆ ಮಿಂದು, ಕಾಯಿ ಊದಿನಕಡ್ಡಿ ಹಿಡಿದು ಗುಡಿಗೆ ಬರುತ್ತಾರೆ. ನಮ್ಮ ಗುಡಿಯ ಲಿಂಗಕ್ಕೆ ಹಿತ್ತಾಳೆಯ ಮುಖವಾಡ ಇದೆ. ದೊಡ್ಡ ಮೀಸೆ, ಊಟ ಮುಗಿಸಿ ಕುಳಿತವನ ಹಾಗೆ ತುಂಬಿದ ಎರಡು ಕೆನ್ನೆ. ಪೂಜಾರಿ ಎರಡು ಕಣಗಿಲ ಹೂವನ್ನು ನೀರಿನಲ್ಲಿ ಅದ್ದಿ ದೇವರ ಕೆನ್ನೆಗೊಂದೊಂದು ಅಂಟಿಸುತ್ತಾನೆ. ಬಂದವರು ಮನಸ್ಸಿನಲ್ಲಿದ್ದದ್ದನ್ನು ಕೇಳಿ ಕೈಮುಗಿದು ನಿಲ್ಲುತ್ತಾರೆ. ದೇವರ ಬಲಗೆನ್ನೆಯ ಹೂವು ಮೊದಲು ಬಿದ್ದರೆ ಆಗಲಿ ಎಂದು ಅರ್ಥ, ಎಡದ್ದು ಮೊದಲು ಬಿದ್ದರೆ ಬೇಡ. ಕೊನೆಯಲ್ಲಿ ಅಪ್ಪ ಎರಡೂ ಅಂಗೈಯಿಂದ ದೇವರ ಕೆನ್ನೆ ಸವರಿ ತನ್ನ ಕಣ್ಣಿಗೆ ಒತ್ತಿಕೊಂಡನೆಂದರೆ ಮಾತು ಮುಗಿಯಿತು. ಅದೇ ಪ್ರಶ್ನೆಯನ್ನು ಶಿವರಾತ್ರಿ ದಾಟುವ ತನಕ ಯಾರೂ ಮತ್ತೆ ಕೇಳುವಂತಿಲ್ಲ.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಪ್ರತಿ ವಾರ ಮುಖವಾಡ ತಿಕ್ಕಿ ತೊಳೆಯುವ ಕೆಲಸ ನನಗೆ ಬಿತ್ತು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದೆ. ಬಲಗೆನ್ನೆ ಸರ್ರನೆ ಹೊಳೆದುಬಿಡುತ್ತಿತ್ತು. ಎಡಗೆನ್ನೆಗೆ ಮಾತ್ರ ಗಂಧ ಒಣಗಿ ಹತ್ತಿಕೊಂಡು, ಉಗುರು ಹಾಕಿ ಕೆರೆಯಬೇಕಾಗುತ್ತಿತ್ತು. ಕೆಲಸ ಕಡಿಮೆ ಮಾಡಿಕೊಳ್ಳುವ ಆಸೆಯಿಂದ ಕೇಳಿಯೇಬಿಟ್ಟೆ.

"ಅಪ್ಪಾ, ದೇವರಿಗೆ ಎಡಗಡೆ ಅಷ್ಟ ಯಾಕ ಗಂಧ ಹಚ್ಚತಿ?"

ಅಪ್ಪ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ.

"ಬಾಯಿ ಮುಚ್ಚಿ ತಿಕ್ಕು" ಅಂದ.

ನಾನು ಬಾಯಿ ಮುಚ್ಚುವ ಜಾತಿಯವಳಲ್ಲ. ಆ ಇಡೀ ವಾರ ಊಟಕ್ಕೆ ಕುಳಿತಾಗೆಲ್ಲ ನನ್ನ ಎಡಗೆನ್ನೆ ಮುಟ್ಟಿಕೊಂಡು ಅಪ್ಪನನ್ನೇ ನೋಡುತ್ತಿದ್ದೆ. ಕೊನೆಗೆ ಅವನೇ ಸೋತು ಹಿತ್ತಲಿಗೆ ಕರೆದ. ಬರೀ ನೀರಿನಿಂದ ಅಂಟಿಸಿದ ಹೂವು ಹಿತ್ತಾಳೆಯ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ಗಂಧ ತಾಗಿಸಿ ಅಂಟಿಸಿದ್ದು ಸಂಜೆಯಾದರೂ ಬೀಳುವುದಿಲ್ಲ. ಎಡಗೆನ್ನೆಯ ಹೂವಿಗೆ ಹೆಬ್ಬೆರಳಿನಿಂದ ಒಂದಿಷ್ಟು ಗಂಧ ತಾಗಿಸಿಬಿಟ್ಟರೆ ಬಲಗೆನ್ನೆಯದು ಮೊದಲು ಬಿದ್ದೇ ಬೀಳುತ್ತದೆ. ದೇವರ ಒಳ್ಳೆಯತನದ ಗುಟ್ಟು ಇಷ್ಟೇ.

"ನೋಡ ತಂಗಿ" ಅಂದ, "ಹೂ ಕೇಳಾಕ ಬರೂ ಮನಷ್ಯಾ ಅರ್ಧಾ ಮನಸ ಮಾಡಿಕೊಂಡನ ಬಂದಿರತಾನ. ಬಸ್ಸಿಗೆ, ಕಾಯಿಗೆ ಖರ್ಚ ಮಾಡಿ ಬ್ಯಾಡ ಅನಿಸಿಕೊಳ್ಳಾಕ ಯಾರರ ಬರತಾರೇನು? ಅವಂಗ ಬೇಕಾಗಿದ್ದು ಹಿಂದಿಂದ ಒಂದ ಕೈ. ಅಷ್ಟ ನಾ ಕೊಡತೇನಿ."

"ಅದು ಸುಳ್ಳಲ್ಲೇನು?"

"ದೇವರ ಕೆಲಸಕ್ಕ ಪೂಜಾರಿ ಒಂದೀಟು ಕೈ ಹಚ್ಚಿದ್ರ ಸುಳ್ಳ ಹೆಂಗ ಆಗತೈತಿ? ಅದಕ್ಕ ಸೇವಾ ಅಂತಾರ."

ಎಲ್ಲರಿಗೂ ಒಂದೇ ಸೇವೆ ಅಂತಲ್ಲ. ಅಣ್ಣನ ಮೇಲಿನ ಸಿಟ್ಟಿಗೆ ತನ್ನ ಪಾಲಿನ ಗದ್ದೆಯನ್ನೇ ಮಾರಿಬಿಡುತ್ತೇನೆ ಅಂತ ಒಬ್ಬ ಬಂದಿದ್ದ. ಅವತ್ತು ಗಂಧ ಸದ್ದಿಲ್ಲದೆ ಬಲಗೆನ್ನೆಗೆ ಹೋಯಿತು. ದೇವರು ಬೇಡ ಅಂದ. ಆ ಮನುಷ್ಯ ಹಲ್ಲು ಕಡಿಯುತ್ತ ಮನೆಗೆ ಹೋದ. ಈಗ ಅಣ್ಣ ತಮ್ಮ ಇಬ್ಬರೂ ಒಂದೇ ಬೈಕಿನಲ್ಲಿ ಮುಂಡಗೋಡದ ಸಂತೆಗೆ ಹೋಗುತ್ತಾರೆ, ಹಿಂದೆ ಕುಳಿತವನು ದಾರಿಯುದ್ದಕ್ಕೂ ಬೈಯುತ್ತಿರುತ್ತಾನೆ, ಆ ಮಾತು ಬೇರೆ.

ಅಪ್ಪನಿಗೆ ಇದ್ದದ್ದು ಒಂದೇ ಕಣ್ಣು. ಹರೆಯದಲ್ಲಿ ಕಬ್ಬು ಕಡಿಯುವಾಗ ಎಲೆಯ ಅಲಗು ತಾಗಿ ಎಡಗಣ್ಣು ಹೋಗಿತ್ತು. ಉಳಿದ ಒಂದರಲ್ಲೇ ಅವನು ಊರಿನ ಎಲ್ಲರ ಮನಸ್ಸನ್ನೂ ಓದುತ್ತಿದ್ದ. ನನ್ನದನ್ನೂ ಓದಿದ. ಹತ್ತನೆಯ ತರಗತಿ ಮುಗಿದ ಮೇಲೆ ನನ್ನನ್ನು ಧಾರವಾಡದ ಹಾಸ್ಟೆಲಿಗೆ ಕಳಿಸುವ ಮಾತು ಬಂತು. ಅಜ್ಜಿ ದೇವರನ್ನು ಕೇಳದೆ ಹುಡುಗಿ ಹೊಸ್ತಿಲು ದಾಟುವ ಹಾಗಿಲ್ಲ ಅಂದಳು. ನಾನು ಊರ ತುಂಬ ಧಾರವಾಡ, ಧಾರವಾಡ ಅಂತ ಡಂಗುರ ಸಾರಿಕೊಂಡು ಬಂದವಳು, ಒಳಗೆ ಮಾತ್ರ ಪುಕ್ಕಲು. ಗೊತ್ತಿಲ್ಲದ ಊರು, ಗೊತ್ತಿಲ್ಲದ ಹುಡುಗಿಯರು, ಸಕ್ಕರೆ ಹಾಕಿದ ಸಾರು. ಎಡಕ್ಕೆ ಬೀಳಪ್ಪಾ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪ ಹೆಬ್ಬೆರಳನ್ನು ಗಂಧದ ಬಟ್ಟಲಿಗೆ ಒತ್ತಿ, ನನ್ನ ಕಡೆ ತಿರುಗಿ, ಇದ್ದ ಒಂದು ಕಣ್ಣನ್ನೇ ಮಿಟುಕಿಸಿದ. ಆ ಕ್ಷಣ ಅವನಿಗೆ ಏನೂ ಕಾಣುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ.

ಬಲಗೆನ್ನೆಯ ಹೂವು ಪಟ್ಟನೆ ಬಿತ್ತು. ಅಜ್ಜಿ ಕಣ್ಣೊರೆಸಿಕೊಂಡಳು. ನಾನು ಹಿತ್ತಲಿಗೆ ಹೋಗಿ ಅಪ್ಪನ ಜೊತೆ ಜಗಳ ತೆಗೆದೆ.

"ಕಳಿಸಾಕತ್ತಿದ್ದು ನೀ, ದೇವರಲ್ಲ. ಸರಿ ಬರಲಿಲ್ಲಂದ್ರ?"

"ಸರಿ ಬರಲಿಲ್ಲಂದ್ರ ದೇವರಿಗೆ ಬೈ. ಅವಾ ಏನೂ ಅನಕೊಳ್ಳೂದಿಲ್ಲ. ಆದ್ರ ಬೈಯಾಕರ ಒಮ್ಮಿ ಹೋಗಿ ಬರಬೇಕಲ್ಲ?"

ಹೋದೆ. ಮೊದಲ ತಿಂಗಳು ದೇವರಿಗೂ ಅಪ್ಪನಿಗೂ ಸಮನಾಗಿ ಬೈದೆ. ಆಮೇಲೆ ಬೈಯಲು ಪುರುಸೊತ್ತಾಗಲಿಲ್ಲ. ಓದಿ, ಮಾಸ್ತರಿಕೆ ಹಿಡಿದು, ಪೇಪರ್ ಮಿಲ್ಲಿನಲ್ಲಿ ಕೆಲಸ ಮಾಡುವವನನ್ನು ಮದುವೆಯಾಗಿ ದಾಂಡೇಲಿಯವಳಾದೆ. ಆ ಮದುವೆಗೂ ಹೂ ಕೇಳಿದ್ದರು. ಗಂಡನ ಮೇಲೆ ಸಿಟ್ಟು ಬಂದ ದಿನ ನಾನು ಈಗಲೂ ಅಪ್ಪನ ಹೆಬ್ಬೆರಳನ್ನು ನೆನೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಅಪ್ಪನ ಆ ಒಂದು ಕಣ್ಣಿಗೂ ಪೊರೆ ಬಂತು. ಅವನು ಯಾರಿಗೂ ಹೇಳಲಿಲ್ಲ. ಆದರೆ ಕಣ್ಣಿನ ವಿಷಯವನ್ನು ಎಷ್ಟು ದಿನ ಮುಚ್ಚಿಡಲು ಬರುತ್ತದೆ? ಬಂದವರ ಹಣೆಗೆ ಹಚ್ಚಬೇಕಾದ ವಿಭೂತಿ ಮೂಗಿಗೆ ಹತ್ತತೊಡಗಿತು. ಸಂಜೆ ಮನೆಗೆ ಬಂದ ಎಮ್ಮೆಗೆ "ಬರ್ರಿ ಗೌಡ್ರ, ಕೂಡ್ರಿ" ಅಂದ. ಅದು ಗೌಡರ ಮನೆಯ ಎಮ್ಮೆಯೇ ಆಗಿದ್ದರಿಂದ ಮಾತು ಅರ್ಧ ಸರಿ ಇತ್ತು ಅಂತ ಆಮೇಲೆ ವಾದ ಮಾಡಿದ. ಎಲ್ಲದಕ್ಕಿಂತ ದೊಡ್ಡದು ಮುಂಡಗೋಡದ ಬಸ್‌ಸ್ಟ್ಯಾಂಡಿನಲ್ಲಿ ನಡೆದದ್ದು. ಕಾಯಿಪಲ್ಲೆ ಚೀಲ ಹಿಡಿದು ನಿಂತಿದ್ದ, ಟಿಬೆಟಿಯನ್ ಕ್ಯಾಂಪಿನ ಒಬ್ಬ ಲಾಮಾ ಅವರನ್ನು ಕಂಡು, ಕೆಂಪು ಸೀರೆ ಉಟ್ಟ ನಮ್ಮ ಎದುರುಮನೆಯ ಅತ್ತಿ ಅಂದುಕೊಂಡ. ಹತ್ತಿರ ಹೋಗಿ, "ಏನವಾ, ಮಗಳ ಲಗ್ನದ ಅರಿವಿ ತರಾಕ ಬಂದಿ ಏನು?" ಅಂದ. ಲಾಮಾ ತಣ್ಣಗೆ, "ಇಲ್ರೀ ಅಜ್ಜಾರ, ಬದನಿಕಾಯಿ ತೊಗೊಳ್ಳಾಕ ಬಂದೇನ್ರಿ" ಅಂದರಂತೆ. ಅವ್ವ ಇದನ್ನು ಫೋನಿನಲ್ಲಿ ಹೇಳುತ್ತ ನಗುತ್ತಿದ್ದಳು, ನಗುನಗುತ್ತಲೇ ದನಿ ಒದ್ದೆಯಾಯಿತು.

ನಗು ನಿಂತದ್ದು ಆ ಎದುರುಮನೆಯ ಅತ್ತಿಯ ಮಗಳ ವಿಷಯದಲ್ಲಿ. ಹುಡುಗಿಗೆ ಚಿಗಳ್ಳಿಯ ಹುಡುಗ ಒಪ್ಪಿಗೆಯಾಗಿದ್ದ. ಹುಡುಗನಿಗೂ ಇವಳು ಒಪ್ಪಿಗೆ. ಅತ್ತಿ ಒಬ್ಬಳು ಮಾತ್ರ ಹೂಂ ಅನ್ನಲೂ ಆಗದೆ ಉಹೂಂ ಅನ್ನಲೂ ಆಗದೆ ಒದ್ದಾಡುತ್ತಿದ್ದಳು. ಬೇಸಗೆಯ ಒಂದು ಸೋಮವಾರ ಹೂ ಕೇಳಿದರು. ಅಪ್ಪ ಎಂದಿನಂತೆ ಸೇವೆ ಮಾಡಿದ. ಎಡಗೆನ್ನೆಯ ಹೂವು ಬಿತ್ತು. ಬಲಗೆನ್ನೆಯದು ಅಪ್ಪ ಸವರಿದರೂ ಮರುದಿನ ಬೆಳಗಿನ ತನಕ ಅಲ್ಲಾಡಲಿಲ್ಲ. ಲಗ್ನದ ಮಾತು ಅಲ್ಲಿಗೇ ನಿಂತಿತು. ಆಮೇಲೆ ಇನ್ನೂ ಒಂದೆರಡು ಮನೆಯವರಿಗೆ ಹೀಗೇ ಆಯಿತು. ಎಷ್ಟೋ ವರ್ಷ ಅಪರೂಪಕ್ಕೊಮ್ಮೆ ಬಿಟ್ಟರೆ ಬೇಡ ಅನ್ನದ ದೇವರು ಒಮ್ಮೆಲೇ ಬೇಡ ಅನ್ನತೊಡಗಿದ್ದಕ್ಕೆ ಊರೇ ಗಾಬರಿಯಾಯಿತು. ದೇವರು ಸಿಟ್ಟಾಗಿದ್ದಾನೆ, ಅಭಿಷೇಕ ಮಾಡಿಸಬೇಕು ಅಂತ ಮನೆಮನೆಯಿಂದ ಹಣದ ಪಟ್ಟಿ ಎತ್ತುವ ಮಾತು ಶುರುವಾಯಿತು.

ಸುದ್ದಿ ಕೇಳಿದವಳೇ ನಾನು ಹಳಿಯಾಳ, ಕಲಘಟಗಿ ಅಂತ ಬಸ್ಸು ಬದಲಿಸುತ್ತ ಊರಿಗೆ ಬಂದೆ. ಅಪ್ಪ ದನದ ಕೊಟ್ಟಿಗೆಯಲ್ಲಿ ಕುಳಿತಿದ್ದ. ನನ್ನ ಹೆಜ್ಜೆ ಸಪ್ಪಳ ಕೇಳಿಯೇ ತಲೆ ತಗ್ಗಿಸಿದ.

"ಗಂಧ ತಪ್ಪಿ ಬಲಕ್ಕ ಹಚ್ಚೇನಿ ಯವ್ವಾ" ಅಂದ. "ಆ ಹುಡುಗಿ ಅಳೂದು ಇಲ್ಲಿಗೆ ಕೇಳತೈತಿ."

ಅಪ್ಪ ನಾಚಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬೈಯಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಮರುದಿನವೇ ಅವನನ್ನು ಹಳಿಯಾಳದ ಒಬ್ಬ ಕಣ್ಣಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ದೀಪ ಬಿಟ್ಟು ನೋಡಿದರು, ಯಂತ್ರಕ್ಕೆ ಗಲ್ಲ ಇಡಿಸಿ ನೋಡಿದರು, ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಅಪ್ಪನ ಎದುರೇ ಕುಳಿತರು.

"ಅಜ್ಜಾರ, ಆಪರೇಶನ್ ಮಾಡಿದ್ರ ಸಾಮಾನ್ಯ ಚೊಲೋನ ಆಗತೈತ್ರಿ. ಆದ್ರ ನಿಮಗ ಇರೂದು ಒಂದ ಕಣ್ಣು, ಪೊರಿನೂ ಬಾಳ ಗಟ್ಟಿ ಆಗೇತಿ. ಕಾಣಸ್ತೈತಿ ಅಂತ ನಾ ಆಣಿ ಮಾಡಿ ಹೇಳಾಕ ಬರೂದಿಲ್ಲ. ತಡಾ ಮಾಡಿದಷ್ಟೂ ಕಠಿಣ ಆಗತೈತಿ, ಅದು ಮಾತ್ರ ಖರೆ."

ಹೊರಗೆ ಬಂದು ಚಾ ಅಂಗಡಿಯಲ್ಲಿ ಕುಳಿತೆವು. ಅಪ್ಪ ಕಪ್ಪಿನ ಕಿವಿಯನ್ನು ಬೆರಳಿನಿಂದ ಹುಡುಕಿ ಹಿಡಿದುಕೊಂಡ.

"ಈಗ ನೆರಳರ ಕಾಣತಾವ" ಅಂದ. "ನಿನ್ನ ನೆರಳ ಕಂಡ್ರ ನೀ ಅಂತ ಗೊತ್ತಾಗತೈತಿ. ಅವ್ವನ ನೆರಳ ಕಂಡ್ರ ಅವ್ವ ಅಂತ ಗೊತ್ತಾಗತೈತಿ. ಅದೂ ಹೋತಂದ್ರ?"

ಆಗುವುದಿಲ್ಲ ಬಿಡು ಅನ್ನಲು ನಾನು ಯಾರು? ಡಾಕ್ಟರೇ ಅನ್ನಲಿಲ್ಲ. ಸುಮ್ಮನೆ ಚಾದಲ್ಲಿ ಅದ್ದಿಕೊಳ್ಳಲು ಇನ್ನೊಂದು ಬಟರ್ ಬಿಸ್ಕೀಟು ಹೇಳಿದೆ.

"ನೋಡೂಣು" ಅಂತ ಅಪ್ಪ ಎದ್ದ.

ಆ ನೋಡೂಣು ಎಂಬ ಮಾತು ನಮ್ಮ ಮನೆಯಲ್ಲಿ ಮಳೆಗಾಲ ದಾಟಿ ಚಳಿಗಾಲದ ತನಕ ನಡೆಯಿತು. ಶ್ರಾವಣದಲ್ಲಿ ಗುಡಿ ಬಿಟ್ಟು ಬರುವ ಹಾಗಿಲ್ಲ, ನೋಡೂಣು. ಗಣಪತಿ ಹಬ್ಬ ಬಂತು, ನೋಡೂಣು. ಮೋಡ ಇದ್ದಾಗ ಕಣ್ಣು ಕೊಯ್ಸಬಾರದಂತೆ, ನೋಡೂಣು. ಹಾಗಂತ ಯಾರು ಹೇಳಿದರು ಅಂದರೆ, ಯಾರೋ ಬಸ್ಸಿನಲ್ಲಿ ಹೇಳಿದರು. ದಸರಾ ಆಯಿತು, ಭತ್ತದ ಕೊಯ್ಲು ಬಂತು, ದೀಪಾವಳಿ ಹೋಯಿತು. ಗದ್ದೆ ನೋಡಿಕೊಳ್ಳುವವನು ಕಾಕಾ, ಭತ್ತಕ್ಕೂ ಅಪ್ಪನ ಕಣ್ಣಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಕೊಯ್ಲು ಮುಗಿಯಲಿ ಅಂದ. ಕೊಯ್ಲು ಮುಗಿದ ಮೇಲೆ ಚಳಿ ಹೋಗಲಿ ಅಂದ.

"ಕಾಣೂದಿಲ್ಲ ಅಂತನ ಅಲ್ಲೇನ ನಾವು ಬಡಕೊಳ್ಳಾಕತ್ತಿದ್ದು? ಮತ್ತ ಏನ ನೋಡತೀರಿ?" ಅಂತ ಅವ್ವ ರೊಟ್ಟಿ ಬಡಿಯುತ್ತ ಗದರಿದಳು.

ಊರಿನ ಅರ್ಧ ಜನರನ್ನು ಹಿಂದಿನಿಂದ ಕೈಕೊಟ್ಟು ಮುಂದಕ್ಕೆ ನೂಕಿದ ಮನುಷ್ಯ ತಾನೇ ಹೊಸ್ತಿಲಲ್ಲಿ ಕುಳಿತುಬಿಟ್ಟಿದ್ದ. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ಪ್ರತಿ ಸಲ ಊರಿಗೆ ಬಂದಾಗಲೂ ಅವನು ನನ್ನನ್ನು ಗುರುತಿಸಲು ಇನ್ನೊಂದು ಹೆಜ್ಜೆ ಹತ್ತಿರ ಬರಬೇಕಾಗುತ್ತಿತ್ತು. ಒಂದು ಭಾನುವಾರ ಊಟದ ಹೊತ್ತಿಗೆ ಹೇಳಿಯೇಬಿಟ್ಟೆ.

"ಅಷ್ಟ ಅನುಮಾನ ಇದ್ರ ಹೂ ಕೇಳೂಣು ನಡಿ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಮೊದಲು ನಕ್ಕ. ಆಮೇಲೆ ಅವನ ಮುಖ ಸಣ್ಣದಾಯಿತು.

"ಊರಿಗೆಲ್ಲ ನಾ ಹಚ್ಚತೇನಿ. ನನಗ ಹಚ್ಚವರು ಯಾರು?"

"ನಾ ಇದ್ದೇನಲ್ಲ."

"ನೀ ಕಳ್ಳಿ."

"ಕಲಿಸಿದಾವ ಯಾರು?"

ಅವನು ಬಹಳ ಹೊತ್ತು ಪಲ್ಯವನ್ನು ಬೆರಳಿನಲ್ಲಿ ಆಡಿಸಿದ. ಕೊನೆಗೆ ಒಪ್ಪಿದ, ಆದರೆ ಷರತ್ತಿನ ಮೇಲೆ. ಗಂಧ ಮುಟ್ಟುವಂತಿಲ್ಲ. ಎರಡೂ ಕೆನ್ನೆಗೆ ಬರೀ ನೀರು. ಜೀವಮಾನದಲ್ಲಿ ಒಮ್ಮೆಯಾದರೂ ದೇವರು ತಾನಾಗಿಯೇ ಏನು ಹೇಳುತ್ತಾನೋ ಕೇಳಬೇಕು. ಬಲ ಬಂದರೆ ಹಳಿಯಾಳಕ್ಕೆ ಬರುತ್ತೇನೆ, ಎಡ ಬಂದರೆ ಕಣ್ಣಿನ ಮಾತನ್ನು ಇನ್ನು ಯಾರೂ ಎತ್ತಬಾರದು ಅಂದ. ನಾನು ತಕ್ಷಣ ಹೂಂ ಅಂದೆ. ಅಷ್ಟು ಬೇಗ ಹೂಂ ಅಂದದ್ದಕ್ಕೇ ಅವನಿಗೆ ಅನುಮಾನ ಬಂದಿರಬೇಕು.

ಸೋಮವಾರ ಬೆಳಿಗ್ಗೆ ಜನ ಬರುವ ಮೊದಲೇ ಮೂವರೂ ಗುಡಿಗೆ ಹೋದೆವು. ಅವತ್ತಿನ ಪೂಜೆಯನ್ನು ಅಪ್ಪನ ಬದಲು ಕಾಕಾ ಮುಗಿಸಿ ಹೋಗಿದ್ದ. ನಾನು ಮಿಂದು ಮಡಿಯಾಗಿದ್ದೆ, ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಒಂದಿಷ್ಟು ಗಂಧವನ್ನೂ ಇಟ್ಟುಕೊಂಡಿದ್ದೆ. ದೇವರಿಗೆ ಮೋಸ ಮಾಡಬೇಕೆಂದಲ್ಲ. ಸೇವೆ. ಹೂವು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅಪ್ಪ ನನ್ನ ಕೈ ಹಿಡಿದ, ಮೂಗಿನ ಹತ್ತಿರ ತಂದ, ಒಂದೊಂದೇ ಬೆರಳು ಮೂಸಿದ. ಹೆಬ್ಬೆರಳಿಗೆ ಬಂದು ನಿಂತ.

"ಇದು ನಿಮ್ಮವ್ವ ಇವತ್ತ ಮುಂಜಾನೆ ತೇದ ಗಂಧ. ಹೋಗಿ ತೊಳಕೊಂಡ ಬಾ."

ಹಿಂದಿನಿಂದ ಅವ್ವ ಕಿಸಕ್ಕನೆ ನಕ್ಕಳು. ನಾನು ತಿರುಗಿ ನೋಡಿದೆ. ಅಪ್ಪನೂ ದನಿ ಬಂದ ಕಡೆ ತಿರುಗಿದ.

"ನಿನಗ ಗೊತ್ತೈತೇನ?" ಅಂತ ಅವನ ಬಾಯಿಂದ ಹೊರಟಿತು.

"ಇಷ್ಟ ವರ್ಷ ಗಂಧ ತೇಯಾಕಿ ಯಾರು? ದೇವರ ಹಣಿಗೆ ಹಚ್ಚೂದು ಚೂರು, ಬಟ್ಟಲ ಖಾಲಿ ಆಗೂದು ದಿನಾ. ಉಳದದ್ದು ಏನ ನೀವು ತಿಂತಿದ್ರೇನು?"

ನನ್ನ ಅಪ್ಪನ ದೊಡ್ಡ ಗುಟ್ಟು ಅಡುಗೆಮನೆಯಲ್ಲಿ ಮೊದಲಿನಿಂದಲೂ ಗೊತ್ತಿದ್ದದ್ದೇ. ಅವನಿಗೆ ಸ್ವಲ್ಪ ಅವಮಾನವಾಯಿತು ಅಂತ ಕಾಣುತ್ತದೆ. ಕೆಮ್ಮಿದ.

ಬಾವಿಕಟ್ಟೆಗೆ ಹೋಗಿ ಕೈ ತೊಳೆದುಕೊಂಡು ಬಂದೆ. ಅಪ್ಪ ಮತ್ತೆ ಮೂಸಿದ. ಇನ್ನು ದಾರಿಯಿರಲಿಲ್ಲ. ಎರಡು ಹೂವನ್ನು ನೀರಿನಲ್ಲಿ ಅದ್ದಿದೆ. ಬಲಗೆನ್ನೆಗೆ ಒಂದು, ಎಡಗೆನ್ನೆಗೆ ಒಂದು. ಶಾಲೆಯಲ್ಲಿ ಎಂಥ ಹುಡುಗರನ್ನೂ ಒಂದು ನೋಟಕ್ಕೆ ಸುಮ್ಮನೆ ಕೂರಿಸುವ ನಾನು ಎರಡು ಹೂವಿಗೆ ಹೆದರಿದ್ದೆ. ಬಲಕ್ಕೆ ಬೀಳಲಿ ಅಂತ ಬೇಡಿಕೊಂಡೆ. ಬೇಡಿಕೊಳ್ಳುತ್ತಿದ್ದ ಹಾಗೆಯೇ, ಬಲಕ್ಕೆ ಬಿದ್ದು ಕಣ್ಣು ಹೋದರೆ ಎಂಬ ಯೋಚನೆಯೂ ಬಂತು. ದೇವರ ದಪ್ಪ ಮೀಸೆ ನೋಡುತ್ತ ನಿಂತೆ. ಅಪ್ಪ ಕೈಮುಗಿದು ದೀಪದ ಬೆಳಕಿನ ಕಡೆ ಮುಖ ಮಾಡಿದ್ದ, ಅವನಿಗೆ ಅಷ್ಟೇ ಕಾಣುತ್ತಿದ್ದದ್ದು.

ಎಡಗೆನ್ನೆಯ ಹೂವು ಜಾರಿತು. ಮೀಸೆಯ ತುದಿಗೆ ಒಂದು ಗಳಿಗೆ ಸಿಕ್ಕಿಕೊಂಡು, ಆಮೇಲೆ ಪಾಣಿಬಟ್ಟಲಿಗೆ ಬಿತ್ತು. ಬಲಗೆನ್ನೆಯದು ಜಗ್ಗಲಿಲ್ಲ.

ಅವ್ವ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಬಿತ್ತೇನ?" ಅಂದ ಅಪ್ಪ.

"ಬಿತ್ತು."

"ಯಾವ ಕಡೆ?"

ಆ ಹೊತ್ತಿನಲ್ಲಿ ನಾನು ಏನನ್ನೂ ಯೋಚಿಸಲಿಲ್ಲ. ಯೋಚಿಸಿದ್ದರೆ ಬಾಯಿ ಬರುತ್ತಿರಲಿಲ್ಲ.

"ಬಲಕ್ಕ."

ಅಪ್ಪ ಅವ್ವನ ಕಡೆ ತಿರುಗಿದ. ಅವ್ವನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಸಂತೆಯವನು ತಪ್ಪಿ ಒಂದು ಟೊಮೆಟೊ ಹೆಚ್ಚಿಗೆ ಹಾಕಿದ್ದರೆ ಮುಂದಿನ ವಾರ ಅದರ ಬದಲು ಬೇರೆ ಟೊಮೆಟೊ ಒಯ್ದು ಕೊಡುವವಳು ಅವಳು. ನಾನು ಚಿಕ್ಕವಳಿದ್ದಾಗ ಜ್ವರವಿದೆ ಅಂತ ಸುಳ್ಳು ಹೇಳಿ ಶಾಲೆ ತಪ್ಪಿಸಿದರೆ ಸಂಜೆ ಮಾಸ್ತರರ ಮನೆಗೇ ಹೋಗಿ ನಿಜ ಹೇಳಿ ಬರುತ್ತಿದ್ದಳು. ದೇವರ ಗುಡಿಯ ಹೊಸ್ತಿಲೊಳಗೆ ಅವಳು ಜೋರಾಗಿ ಮಾತನಾಡಲೂ ಹೆದರುತ್ತಿದ್ದಳು.

"ಖರೇನ?" ಅಂತ ಅಪ್ಪ ಕೇಳಿದ.

"ಹ್ಞೂಂ, ಬಲಕ್ಕ ಬಿತ್ತು" ಅಂದಳು ಅವ್ವ. "ನಡೀರಿನ್ನ, ಒಲಿ ಮ್ಯಾಲ ಹಾಲ ಇಟ್ಟ ಬಂದೇನಿ."

ಒಲೆಯ ಮೇಲೆ ಹಾಲಿರಲಿಲ್ಲ. ಒಂದು ಸುಳ್ಳಿಗೆ ಕೈ ಹಾಕಿದ ಮೇಲೆ ಇನ್ನೊಂದಕ್ಕೆ ಏನಂತೆ. ನಾನು ಎಡಕ್ಕೆ ಬಿದ್ದ ಹೂವನ್ನು ಮೆಲ್ಲಗೆ ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಅಪ್ಪ ಎಂದಿನಂತೆ ಮುಂದೆ ಬಾಗಿ, ಎರಡೂ ಅಂಗೈಯಿಂದ ದೇವರ ಕೆನ್ನೆ ಸವರಿ, ಕಣ್ಣಿಗೆ ಒತ್ತಿಕೊಂಡ. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಒತ್ತಿಕೊಂಡಿದ್ದ. ಆಮೇಲೆ ನೆಟ್ಟಗೆ ನಿಂತು, "ಡಾಕ್ಟರಿಗೆ ಫೋನ್ ಹಚ್ಚು" ಅಂದ.

ಆಪರೇಶನ್ನಿನ ದಿನ ಬಸ್ಸಿನಲ್ಲಿ ಅವನು ಕಂಡಕ್ಟರನಿಗೆ, "ಬರುವಾಗ ನಿನ್ನ ಮುಖ ನೋಡತೇನಿ, ಚೊಲೊ ಇರಲಿಲ್ಲಂದ್ರ ಟಿಕೀಟು ತಗಸೂದಿಲ್ಲ" ಅಂತ ತಮಾಷೆ ಮಾಡಿದ. ನನಗೆ ನಗು ಬರಲಿಲ್ಲ. ಹಸಿರು ಅಂಗಿ ತೊಡಿಸಿ ಒಳಗೆ ಕರೆದುಕೊಂಡು ಹೋಗುವಾಗ ಅವನು ತಿರುಗಿ ನೋಡಿದ, ನೋಡಿದ್ದು ನನ್ನನ್ನಲ್ಲ, ನನ್ನ ಪಕ್ಕದ ಕಂಬವನ್ನು. ಬಾಗಿಲು ಮುಚ್ಚಿತು. ದೇವರು ಬೇಡ ಅಂದಿದ್ದ. ನಾನು ಹೌದು ಅಂದಿದ್ದೆ. ನಾಳೆ ಆ ಕಣ್ಣಿಗೆ ನೆರಳೂ ಕಾಣದಿದ್ದರೆ ನಾನು ಯಾರಿಗೆ ಬೈಯಲಿ? ಅಪ್ಪನಿಗಾದರೆ ದೇವರ ಆಸರೆ ಇತ್ತು, ನನಗೆ ಅದೂ ಇರಲಿಲ್ಲ. ಅವ್ವ ಬೆಂಚಿನ ಮೇಲೆ ಕುಳಿತು ಕೊರಳಿನ ಇಷ್ಟಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ತುಟಿ ಅಲ್ಲಾಡಿಸುತ್ತಿದ್ದಳು. ತಪ್ಪಾಯಿತು ಅನ್ನುತ್ತಿದ್ದಳೋ, ಕಾಪಾಡು ಅನ್ನುತ್ತಿದ್ದಳೋ, ನಾನು ಕೇಳಲಿಲ್ಲ. ಅವಳ ಇನ್ನೊಂದು ಕೈ ಹಿಡಿದುಕೊಂಡೆ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಪಟ್ಟಿ ಬಿಚ್ಚಿದರು. ಅಪ್ಪ ಕಣ್ಣು ತೆರೆಯಲಿಲ್ಲ. "ತಗೀರಿ ಅಜ್ಜಾರ" ಅಂದರು. "ತಗೀತೇನ್ರಿ" ಅಂದ, ತೆಗೆಯಲಿಲ್ಲ. ಬಾಯಿ ಅಷ್ಟು ಬಿಗಿಯಾಗಿ ಮುಚ್ಚಿಕೊಂಡದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಕೊನೆಗೆ ಒಮ್ಮೆಲೇ ತೆರೆದ. ನೀರು ಸುರಿಯಿತು. ಸುತ್ತ ನೋಡಿದ, ಕಿಟಕಿ ನೋಡಿದ, ಡಾಕ್ಟರಮ್ಮನನ್ನು ನೋಡಿದ. ಆಮೇಲೆ ನನ್ನ ಮೇಲೆ ನೋಟ ನಿಲ್ಲಿಸಿದ.

"ಏನ ತಂಗಿ" ಅಂದ, "ಕೂದಲ ಎಲ್ಲಾ ಬೆಳ್ಳಗ ಆಗ್ಯಾವಲ್ಲ. ಯಾರೂ ಹೇಳಲಿಲ್ಲ ನನಗ."

ಡಾಕ್ಟರಮ್ಮ ನಕ್ಕರು. ಅವ್ವ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ನಾನು ಅಷ್ಟು ಸಂತೋಷದಲ್ಲೂ ತಲೆಯ ಮೇಲೆ ಸೆರಗು ಎಳೆದುಕೊಂಡೆ.

ಶಿವರಾತ್ರಿ ದಾಟಿತು. ಮರು ಸೋಮವಾರ ಎದುರುಮನೆಯ ಅತ್ತಿ ಮಗಳನ್ನು ಕರೆದುಕೊಂಡು ಮತ್ತೆ ಹೂ ಕೇಳಲು ಬಂದಳು. ಹುಡುಗಿಯ ಮುಖ ಬಾಡಿ ಇಷ್ಟೇ ಇಷ್ಟಾಗಿತ್ತು. ಅಪ್ಪ ಬಟ್ಟಲನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಹೆಬ್ಬೆರಳು ಒತ್ತಿ, ಎಡ ಯಾವುದು ಬಲ ಯಾವುದು ಅಂತ ಎರಡೆರಡು ಸಲ ಖಾತ್ರಿ ಮಾಡಿಕೊಂಡ. ಅತ್ತಿ ಕಾಯಿ ಒಡೆಯುವ ಮೊದಲೇ ಬಲಗೆನ್ನೆಯ ಹೂವು ಬಿತ್ತು. ದೇವರ ಸಿಟ್ಟು ಇಳಿಯಿತು ಅಂತ ಊರೆಲ್ಲ ಸುದ್ದಿಯಾಯಿತು. ಅಭಿಷೇಕಕ್ಕೆ ಎತ್ತಿದ ಪಟ್ಟಿಯ ಹಣದಲ್ಲಿ ಗುಡಿಗೆ ಸುಣ್ಣ ಹೊಡೆಸಿದರು.

ಆ ದಿನ ಮಧ್ಯಾಹ್ನ ನಾನು ಹಿತ್ತಲಲ್ಲಿ ಮುಖವಾಡ ತಿಕ್ಕುತ್ತ ಕುಳಿತಿದ್ದೆ. ಎಡಗೆನ್ನೆಯ ಗಂಧ ಮೊದಲಿನ ಹಾಗೆಯೇ ಹತ್ತಿಕೊಂಡಿತ್ತು. ಅಪ್ಪ ಬಂದು ಕಲ್ಲಿನ ಮೇಲೆ ಕುಳಿತ. ಸ್ವಲ್ಪ ಹೊತ್ತು ನಾನು ತಿಕ್ಕುವುದನ್ನು ನೋಡಿದ.

"ಅವತ್ತ ಎಡಕ್ಕ ಬಿದ್ದ ಹೂ ಎಲ್ಲಿ ಒಗದಿ?" ಅಂದ.

ನನ್ನ ಕೈ ನಿಂತಿತು.

"ಯಾವ ಹೂ?"

"ಗಲ್ಲಾ ಸವರಿದಾಗ ಬಲಗಡೆ ಹೂ ಇನ್ನೂ ಅಲ್ಲೇ ಇತ್ತು ಯವ್ವಾ. ಕೈಗೆ ಹತ್ತಿತು. ಕಣ್ಣ ಹೋಗಿತ್ತು, ಕೈ ಹೋಗಿದ್ದಿಲ್ಲ."

"ಗೊತ್ತಿದ್ದೂ ಹೋಗಿ ಮಲಗಿದೇನು?" ಅಂದೆ. "ಅಂಜಿಕಿ ಬರಲಿಲ್ಲೇನು?"

"ಬಂತು. ಬಾಳ ಬಂತು. ಆದ್ರ ನಿಮ್ಮವ್ವ, ಒಂದ ಟೊಮ್ಯಾಟಿಗೆ ಸುಳ್ಳ ಹೇಳದಾಕಿ, ದೇವರ ಮಾರಿ ಮುಂದ ನಿಂತು ನನ್ನ ಸಲುವಾಗಿ ಹೇಳಿದ್ಲು. ಆಕಿಗೆ ಅಷ್ಟ ಧೈರ್ಯ ಬಂದ ಮ್ಯಾಲ, ನಾ ಹೆಂಗ ಹಿಂದ ಉಳೀಲಿ?"

ಅಡುಗೆಮನೆಯ ಕಿಟಕಿಯಿಂದ ಅವ್ವನ ದನಿ ಬಂತು. "ನಾ ಎಲ್ಲಿ ಸುಳ್ಳ ಹೇಳೇನಿ? ನಾ ಅವತ್ತ ಕಣ್ಣ ಮುಚ್ಚಿಕೊಂಡ ನಿಂತಿದ್ನಿ. ಮಗಳ ಹೇಳಿದ್ದನ್ನ ಹೇಳಿದ್ನಿ, ಅಷ್ಟ."

ಅಪ್ಪ ನನ್ನ ಕಡೆ ತಿರುಗಿ ಆ ಒಂದು ಕಣ್ಣನ್ನು ಮಿಟುಕಿಸಿದ. ಅದು ಮುಚ್ಚಿರುವ ಅಷ್ಟರಲ್ಲೇ ಬೂದಿ ಕೈಯಿಂದ ಮುಖ ಒರೆಸಿಕೊಂಡುಬಿಡಬೇಕು ಅಂದುಕೊಂಡೆ. ಆಗಲಿಲ್ಲ. ಅವನು ಕಣ್ಣು ತೆರೆದ.

"ಯಾಕ ಅಳತಿ?" ಅಂದ.

ಅವನಿಗೆ ಕಂಡಿತ್ತು.